ಅಕ್ಕನ ಮಗನಿಗಾಗಿ ಮ್ಯಾರಥಾನ್: ಶೂ ಕಟ್ಟುವ ಮೊದಲು ಹೇಳಬೇಕಾದ ಮಾತು ಗಟ್ಟಿಯಾಗಲಿ

ಪ್ರಶ್ನೆ: ನನಗೆ 36 ವರ್ಷ. ಎರಡು ವರ್ಷದಿಂದ ಓಡುತ್ತಿದ್ದೇನೆ. ವಾರಕ್ಕೆ ಮೂರು ದಿನ ಓಟ, 10 ಕಿ.ಮೀ. ಆರಾಮಾಗಿ ಮುಗಿಸುತ್ತೇನೆ. ಕಳೆದ ವರ್ಷ ನನ್ನ ಅಕ್ಕನ ಎಂಟು ವರ್ಷದ ಮಗನಿಗೆ ಟೈಪ್ 1 ಡಯಾಬಿಟಿಸ್ ಇದೆಯೆಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅವನು ಐಸಿಯು ಸೇರಿಯಾಗಿತ್ತು. ಅದಕ್ಕೂ ಮೊದಲು ಕೆಲವು ವಾರ ಸುಸ್ತು, ಹೊಟ್ಟೆನೋವು ಅನ್ನುತ್ತಿದ್ದ. ನಾವೆಲ್ಲ ಮಾಮೂಲಿ ಜ್ವರದ ಸುಸ್ತು ಅಂದುಕೊಂಡೆವು. ಬೇರೆ ಮನೆಯಲ್ಲಿ ಹೀಗಾಗಬಾರದು ಎಂದು ಇನ್ನು ಏಳು ತಿಂಗಳಿಗೆ ಬರುವ ಫುಲ್ ಮ್ಯಾರಥಾನ್ ಓಡಿ ಜಾಗೃತಿ ಮೂಡಿಸಬೇಕೆಂದಿದ್ದೇನೆ. ಇಷ್ಟು ಸಮಯದಲ್ಲಿ ತಯಾರಾಗಬಹುದೇ? ಜೊತೆಗೆ ಹಣವನ್ನೂ ಸಂಗ್ರಹಿಸಬೇಕೇ? ಇಂಥ ಓಟದಿಂದ ನಿಜಕ್ಕೂ ಏನಾದರೂ ಪ್ರಯೋಜನ ಆಗುತ್ತದೆಯೇ, ಇಲ್ಲ ನನ್ನ ಸಮಾಧಾನಕ್ಕಷ್ಟೇ ಆಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮಿಕ್ಕದ್ದೆಲ್ಲ ಅದರ ಮೇಲೆ ನಿಂತಿದೆ. ಪ್ರಯೋಜನ ಖಂಡಿತ ಆಗಬಹುದು. ಆದರೆ ಅದು ಓಟದಿಂದ ಆಗುವುದಿಲ್ಲ. ಓಟ ಮಾಡುವುದು ಇಷ್ಟೇ: ಕೆಲವು ಜನ ನಿಮ್ಮ ಕಡೆ ಸ್ವಲ್ಪ ಹೊತ್ತು ತಿರುಗಿ ನೋಡುವಂತೆ ಮಾಡುತ್ತದೆ. ತಿರುಗಿ ನೋಡಿದವರಿಗೆ ಆ ಸ್ವಲ್ಪ ಹೊತ್ತಿನಲ್ಲಿ ನೀವು ಏನು ಹೇಳುತ್ತೀರಿ, ಅದನ್ನು ಕೇಳಿ ಅವರು ಮನೆಗೆ ಹೋಗಿ ಏನು ಮಾಡಬೇಕು ಅನ್ನುವುದು ನಿಮ್ಮ ತಲೆಯಲ್ಲಿ ಮೊದಲೇ ಸ್ಪಷ್ಟವಾಗಿರದಿದ್ದರೆ 42 ಕಿ.ಮೀ. ಓಡಿಯೂ ಮಾತು ಗಾಳಿಗೆ ಹೋಗುತ್ತದೆ. ಉದ್ದೇಶವಿಟ್ಟುಕೊಂಡು ಓಡಲು ಬರುವ ಬಹಳ ಜನ ಮೊದಲ ದಿನವೇ ಟ್ರೈನಿಂಗ್ ಪ್ಲಾನ್ ಕೇಳುತ್ತಾರೆ. ಹೇಳಬೇಕಾದ ವಾಕ್ಯ ಯಾವುದು ಎಂದು ನಾನು ಕೇಳಿದರೆ "ಜಾಗೃತಿ ಮೂಡಿಸುವುದು" ಅನ್ನುತ್ತಾರೆ. ಅದು ವಾಕ್ಯ ಅಲ್ಲ, ಆಸೆ.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಹೆಸರು ಟೆರಿ ಫಾಕ್ಸ್. ಕೆನಡಾದ ಈ ಹುಡುಗನಿಗೆ ಮೂಳೆ ಕ್ಯಾನ್ಸರ್ ಆಗಿ 1977ರಲ್ಲಿ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಆಗ ಅವನಿಗೆ 18 ವರ್ಷ. 1980ರ ಏಪ್ರಿಲ್ 12ರಂದು ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿಗೆ ಅದ್ದಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಇಡೀ ದೇಶವನ್ನು ಓಡಿ ದಾಟುತ್ತೇನೆ ಎಂದು ಹೊರಟ. ದಿನಕ್ಕೆ ಹತ್ತಿರ ಹತ್ತಿರ ಒಂದು ಮ್ಯಾರಥಾನ್ ದೂರ. 143 ದಿನಗಳಲ್ಲಿ 5,373 ಕಿ.ಮೀ. ಓಡಿದ ಮೇಲೆ, ಸೆಪ್ಟೆಂಬರ್ 1ರಂದು, ಥಂಡರ್ ಬೇ ಊರಿನ ಹೊರಗೆ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಮುಂದಿನ ವರ್ಷ ಜೂನ್‌ನಲ್ಲಿ ತೀರಿಕೊಂಡ.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳಿ ಮುಗಿಸುತ್ತಾರೆ. ನಿಮ್ಮಂಥವರು ನೋಡಬೇಕಾದದ್ದು ಅದರೊಳಗಿನ ಬೇರೆ ಎರಡು ಸಂಗತಿ. ಒಂದು, ಮೊದಲ ದಿನಗಳಲ್ಲಿ ಎಷ್ಟೋ ಕಡೆ ಅವನನ್ನು ಕೇಳುವವರೇ ಇರಲಿಲ್ಲ. ಅದೇ ಧೈರ್ಯ, ಅದೇ ಕಾಲು, ಅದೇ ದೂರ. ಆದರೂ ಅವನು ಬರುತ್ತಿದ್ದಾನೆಂದು ಮುಂಚೆಯೇ ಯಾರೂ ಹೇಳಿರದ ಊರುಗಳಲ್ಲಿ ರಸ್ತೆ ಖಾಲಿ. ಕ್ಯಾನ್ಸರ್ ಸೊಸೈಟಿಯವರು ಮುಂದಿನ ಊರುಗಳಿಗೆ ಮೊದಲೇ ಹೋಗಿ ವ್ಯವಸ್ಥೆ ಮಾಡತೊಡಗಿದ ಒಂಟಾರಿಯೋ ಪ್ರಾಂತ್ಯದಲ್ಲಿ ಜನ ಸಾವಿರಗಟ್ಟಲೆ ಬಂದರು. ಎರಡನೆಯದು, ಅವನು ಕೇಳಿದ್ದು ಏನು ಅನ್ನುವುದು. ಪೋರ್ಟ್ ಓ ಬಾಸ್ಕ್ ಎಂಬ ಸಣ್ಣ ಊರು. ಸುಮಾರು 10,000 ಜನ. ಆ ಊರಿನವರು 10,000 ಡಾಲರಿಗೂ ಹೆಚ್ಚು ಕೂಡಿಸಿ ಕೊಟ್ಟರು. ಅಲ್ಲಿಂದ ಅವನ ಬೇಡಿಕೆ ಗಟ್ಟಿಯಾಯಿತು: ಕೆನಡಾದ ಪ್ರತಿಯೊಬ್ಬರೂ ಒಂದೊಂದು ಡಾಲರ್ ಕೊಡಿ. ಆಗ ದೇಶದ ಜನಸಂಖ್ಯೆ ಸುಮಾರು 2.4 ಕೋಟಿ. 1981ರ ಫೆಬ್ರವರಿ ಹೊತ್ತಿಗೆ 2.4 ಕೋಟಿ ಡಾಲರ್ ದಾಟಿತ್ತು. ಎಂಥ ಬಡವನೂ ಮಾಡಬಹುದಾದ ಒಂದೇ ಒಂದು ಸಣ್ಣ ಕೆಲಸವನ್ನು ಅವನು ಎಲ್ಲರಿಗೂ ಕೊಟ್ಟ.

ಈಗ ನಿಮ್ಮ ವಾಕ್ಯಕ್ಕೆ ಬರೋಣ. ನಿಮ್ಮ ಪತ್ರದಲ್ಲೇ ಅದು ಅಡಗಿದೆ, ನೀವು ಗಮನಿಸಿಲ್ಲ ಅಷ್ಟೆ. ಸುಸ್ತು, ಹೊಟ್ಟೆನೋವು, ಮಾಮೂಲಿ ಜ್ವರ ಅಂದುಕೊಂಡದ್ದು, ಆಮೇಲೆ ಐಸಿಯು. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡುತ್ತದೆ. ಇನ್ಸುಲಿನ್ ಇಲ್ಲದೆ ರಕ್ತದ ಸಕ್ಕರೆ ಒಳಗೆ ಬಳಕೆಯಾಗದೆ ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಸುಸ್ತು. ಇಷ್ಟರಲ್ಲಿ ಯಾರೂ ಗುರುತಿಸದಿದ್ದರೆ ದೇಹ ಕೊಬ್ಬನ್ನು ಕರಗಿಸತೊಡಗಿ ಕೀಟೋನ್‌ಗಳೆಂಬ ಆಮ್ಲೀಯ ವಸ್ತುಗಳು ಸೇರಿ ರಕ್ತ ಆಮ್ಲೀಯವಾಗುತ್ತದೆ. ಆಗ ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು. ನೋಡಿದವರಿಗೆ ಹೊಟ್ಟೆ ಕೆಟ್ಟಿದೆ ಅನ್ನಿಸುವುದು ಈ ಹಂತದಲ್ಲೇ. ಇದನ್ನು ಡಯಾಬಿಟಿಕ್ ಕೀಟೋಆಸಿಡೋಸಿಸ್ ಅನ್ನುತ್ತಾರೆ; ಪ್ರಾಣಕ್ಕೇ ಕುತ್ತು ತರುವ ಸ್ಥಿತಿ. ಬಾಯಾರಿಕೆಯ ಹಂತದಲ್ಲೇ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಿದರೆ ಕೆಲವೇ ಸೆಕೆಂಡಿನಲ್ಲಿ ಅನುಮಾನ ಹುಟ್ಟುತ್ತದೆ. ಮಿಕ್ಕದ್ದನ್ನು ಆಸ್ಪತ್ರೆ ನೋಡಿಕೊಳ್ಳುತ್ತದೆ.

ಈ ಒಂದೇ ಮಾತನ್ನು ಹಿಡಿದು ಇಟಲಿಯ ಪಾರ್ಮಾದಲ್ಲಿ ವೈದ್ಯರು 1990ರ ದಶಕದ ಆರಂಭದಲ್ಲಿ ಒಂದು ಪ್ರಚಾರ ನಡೆಸಿದರು. ಓಟ ಇಲ್ಲ, ಮೆರವಣಿಗೆ ಇಲ್ಲ. ಆ ಪ್ರಾಂತ್ಯದ ಶಾಲೆಗಳಲ್ಲಿ ಪೋಸ್ಟರ್ ಹಾಕಿದರು; ಮಕ್ಕಳ ವೈದ್ಯರಿಗೆ ಸಕ್ಕರೆ ಪರೀಕ್ಷಿಸುವ ಸಾಧನ ಕೊಟ್ಟರು. ಪೋಸ್ಟರಿನ ಮುಖ್ಯ ಅಂಶ ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ ನಿರ್ಲಕ್ಷಿಸಬೇಡಿ ಅನ್ನುವುದು. ಅದಕ್ಕೆ ಮೊದಲು, 1987ರಿಂದ 1991ರವರೆಗೆ, ಹೊಸದಾಗಿ ಟೈಪ್ 1 ಪತ್ತೆಯಾದ ಅಲ್ಲಿನ ಮಕ್ಕಳಲ್ಲಿ ಶೇ. 78ರಷ್ಟು ಮಂದಿ ಕೀಟೋಆಸಿಡೋಸಿಸ್‌ಗೆ ತಲುಪಿದ ಮೇಲೆ ಆಸ್ಪತ್ರೆಗೆ ಬರುತ್ತಿದ್ದರು. ಪ್ರಚಾರ ಶುರುವಾದ ಮೇಲೆ, 1997ರವರೆಗಿನ ಅವಧಿಯಲ್ಲಿ, ಅದು ಶೇ. 12.5ಕ್ಕೆ ಇಳಿಯಿತು. ಜಾಗೃತಿ ಅಂತ ಕರೆಯುವ ಕೆಲಸದಲ್ಲಿ ಇಷ್ಟು ಕಣ್ಣಿಗೆ ಕಾಣುವ ಫಲ ಸಿಗುವುದು ಅಪರೂಪ. ಅವರು ಯಾರ ಕಣ್ಣಲ್ಲೂ ನೀರು ತರಿಸಲಿಲ್ಲ, ಯಾರಿಗೂ ಸ್ಫೂರ್ತಿ ತುಂಬಲಿಲ್ಲ. ಯಾವ ಲಕ್ಷಣ ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು, ಎರಡೇ ಮಾತು ಹೇಳಿದರು, ಅದೂ ಮಕ್ಕಳು ದಿನವೆಲ್ಲ ಇರುವ ಜಾಗದಲ್ಲಿ.

ಹಾಗಾಗಿ ನಿಮ್ಮ ವಾಕ್ಯ ಇಷ್ಟಿರಲಿ: "ಮಗು ವಿಪರೀತ ನೀರು ಕುಡಿಯುತ್ತಿದೆಯೇ, ಸೊರಗುತ್ತಿದೆಯೇ, ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದೆಯೇ? ಇವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ." ನಾಳೆ ಅಲ್ಲ, ಇವತ್ತೇ. ಆ ಶಬ್ದವನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡಿ.

ಇಲ್ಲೊಂದು ತೊಡಕಿದೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡಯಾಬಿಟಿಸ್‌ಗಾಗಿ ಒಬ್ಬರು ಓಡುತ್ತಿದ್ದಾರೆ ಅಂದ ಕೂಡಲೇ ನೋಡುವವರ ತಲೆಯಲ್ಲಿ ಏನು ಬರುತ್ತದೆ ಯೋಚಿಸಿ. "ಸರಿಯಾಗಿ ವ್ಯಾಯಾಮ ಮಾಡಿದರೆ ಸಕ್ಕರೆ ಕಾಯಿಲೆ ಬರಲ್ಲ." ನೀವು ಒಂದಕ್ಷರ ಮಾತಾಡದೆಯೂ ನಿಮ್ಮ ಓಟ ಅದನ್ನು ಹೇಳಿಬಿಡುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2ರ ಮಟ್ಟಿಗೆ ಆ ಮಾತಿನಲ್ಲಿ ಸತ್ಯ ಇದೆ. ಟೈಪ್ 1ಕ್ಕೆ ಅದು ಸುಳ್ಳು, ಅಷ್ಟೇ ಅಲ್ಲ, ಕ್ರೂರ. ನಿಮ್ಮ ಅಕ್ಕನ ಮಗ ಸಿಹಿ ತಿಂದದ್ದಕ್ಕಾಗಲೀ ಆಟ ಆಡದ್ದಕ್ಕಾಗಲೀ ಕಾಯಿಲೆ ಬಿದ್ದಿಲ್ಲ; ಯಾರು ಏನು ಮಾಡಿದ್ದರೂ ತಡೆಯಲು ಆಗುತ್ತಿರಲಿಲ್ಲ. "ನೀವು ಅವನಿಗೆ ಏನು ಕೊಡುತ್ತಿದ್ದಿರಿ?" ಅನ್ನುವ ಪ್ರಶ್ನೆಯನ್ನು ನಿಮ್ಮ ಅಕ್ಕ ಈಗಾಗಲೇ ಎಷ್ಟು ಬಾರಿ ಕೇಳಿಸಿಕೊಂಡಿದ್ದಾರೋ. ನಿಮ್ಮ ಓಟ ಆ ಪ್ರಶ್ನೆಗೆ ಇನ್ನಷ್ಟು ಬಲ ಕೊಡಬಾರದು.

ಇದಕ್ಕೆ ಪರಿಹಾರ ಸರಳ, ಆದರೆ ಪಟ್ಟು ಹಿಡಿದು ಪಾಲಿಸಬೇಕು. "ಫಿಟ್ ಆಗಿರಿ", "ಆರೋಗ್ಯವೇ ಭಾಗ್ಯ" ಥರದ ಘೋಷಣೆಗಳನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಪೋಸ್ಟರ್‌ನಲ್ಲಿ, ಬ್ಯಾನರ್‌ನಲ್ಲಿ, ಮಾತಿನಲ್ಲಿ "ಡಯಾಬಿಟಿಸ್" ಎಂದಷ್ಟೇ ಹೇಳದೆ ಪ್ರತಿ ಸಲವೂ "ಟೈಪ್ 1 ಡಯಾಬಿಟಿಸ್" ಎಂದೇ ಹೇಳಿ. ಯಾರಾದರೂ ಕೇಳಿದರೆ ಕೊಡುವ ಉತ್ತರ ಬಾಯಲ್ಲಿ ಸಿದ್ಧವಿರಲಿ: ಇದನ್ನು ತಡೆಯಲು ಆಗುವುದಿಲ್ಲ, ಬೇಗ ಗುರುತಿಸಲು ಆಗುತ್ತದೆ. ಬೇರೆ ಯಾವುದೇ ಉದ್ದೇಶಕ್ಕೆ ಓಡುವವರೂ ಇದನ್ನೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಮಾನಸಿಕ ಆರೋಗ್ಯಕ್ಕಾಗಿ ಓಡುವವರ ಸಂದೇಶ "ಓಡಿದರೆ ಖಿನ್ನತೆ ಹೋಗುತ್ತದೆ" ಎಂದು ಕೇಳಿಸುವುದನ್ನು ನೋಡಿದ್ದೇನೆ. ಹೇಳಬೇಕೆಂದಿದ್ದದ್ದು ಡಾಕ್ಟರ ಬಳಿ ಹೋಗಿ ಎಂದು.

ಇನ್ನು ಯಾರಿಗೆ ಹೇಳುವುದು? ಮ್ಯಾರಥಾನ್ ದಿನ ನಿಮ್ಮ ಸುತ್ತ ಇರುವವರು ಬಹುತೇಕ ಓಟಗಾರರು, ಅವರ ಮನೆಯವರು, ಪೊಲೀಸರು, ರಸ್ತೆ ಬಂದ್ ಆಗಿದೆಯೆಂದು ಸಿಟ್ಟಾದ ವಾಹನದವರು. ನಿಮಗೆ ಬೇಕಾದವರು ಚಿಕ್ಕ ಮಕ್ಕಳ ತಂದೆತಾಯಿ, ಶಾಲೆಯ ಟೀಚರ್‌ಗಳು, ಮಕ್ಕಳನ್ನು ಮೊದಲು ನೋಡುವ ಕ್ಲಿನಿಕ್ಕಿನ ಡಾಕ್ಟರ್‌ಗಳು. ಟೀಚರ್‌ಗಳ ಮಾತು ಬೇರೆಯೇ: ಯಾವ ಮಗು ಪೀರಿಯಡ್ ಮಧ್ಯೆ ಮೂರು ಸಲ ಟಾಯ್ಲೆಟ್‌ಗೆ ಹೋಯಿತು, ಯಾರ ನೀರಿನ ಬಾಟಲಿ ಮಧ್ಯಾಹ್ನಕ್ಕೆ ಮುಂಚೆಯೇ ಖಾಲಿಯಾಯಿತು ಎಂದು ಅವರ ಕಣ್ಣಿಗೆ ಬೀಳುವಷ್ಟು ಮನೆಯವರಿಗೂ ಬೀಳುವುದಿಲ್ಲ. ಆದ್ದರಿಂದ ಓಟದ ದಿನಕ್ಕಿಂತ ಅದಕ್ಕೆ ಮುಂಚಿನ ಏಳು ತಿಂಗಳೇ ನಿಮ್ಮ ನಿಜವಾದ ವೇದಿಕೆ. ಒಂದು ಶಾಲೆಗೆ ಹೋಗಿ "ನಾನು ಇಂಥ ದಿನ 42 ಕಿ.ಮೀ. ಓಡುತ್ತಿದ್ದೇನೆ, ಅದಕ್ಕೆ ಮುಂಚೆ ನಿಮ್ಮ ಸ್ಟಾಫ್‌ರೂಮಿನಲ್ಲಿ ಹತ್ತು ನಿಮಿಷ ಮಾತಾಡಲೇ, ಈ ಪೋಸ್ಟರ್ ಹಾಕಲೇ?" ಎಂದು ಕೇಳಿದರೆ ಬಾಗಿಲು ತೆರೆಯುತ್ತದೆ. ಓಟ ಇಲ್ಲದೆ ಹೋದರೆ ನೀವು ಇನ್ನೊಬ್ಬ ಕರಪತ್ರದವರು. ಓಟ ಕೆಲಸ ಮಾಡುವುದು ಇಲ್ಲಿ, ಈ ಬಾಗಿಲುಗಳ ಮುಂದೆ. ಸಾಧ್ಯವಾದರೆ ಒಂದೆರಡು ಲಾಂಗ್ ರನ್‌ಗಳನ್ನು (ತಯಾರಿಯಲ್ಲಿ ವಾರಕ್ಕೊಮ್ಮೆ ಬರುವ ದೂರದ ಓಟ) ಶಾಲೆಯಿಂದ ಶಾಲೆಗೆ ಹೋಗುವಂತೆ ಹಾಕಿಕೊಳ್ಳಿ. ಮಕ್ಕಳಿಗೆ ಬೆವರಿ ಬಂದವರನ್ನು ಕಂಡರೆ ಬಲು ಕುತೂಹಲ, ಪ್ರಶ್ನೆ ತಾವಾಗಿಯೇ ಬರುತ್ತವೆ.

ಟಿ-ಶರ್ಟ್ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಹೇಳುತ್ತೇನೆ. ಎಲ್ಲರೂ ಎದೆಯ ಮೇಲೆ ಬರೆಸುತ್ತಾರೆ. ರೇಸ್ ದಿನ ಅದರ ಮೇಲೆ ಬಿಬ್ ನಂಬರ್, ಅಂದರೆ ಓಟಗಾರರಿಗೆ ಕೊಡುವ ಸಂಖ್ಯೆಯ ಚೀಟಿ, ಬರುತ್ತದೆ, ನಾಲ್ಕು ಸೇಫ್ಟಿ ಪಿನ್ ಹಾಕಿದ ಮೇಲೆ ಬರಹದ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ಎದುರಿಂದ ನೋಡುವವರಿಗೆ ನೀವು ಕಾಣುವುದೂ ಎರಡು ಮೂರು ಸೆಕೆಂಡು. ಆದರೆ ನಿಮ್ಮ ಹಿಂದೆ ಅದೇ ಪೇಸ್‌ನಲ್ಲಿ ಬರುತ್ತಿರುವವರು ನಿಮ್ಮ ಬೆನ್ನನ್ನು ಕಿಲೋಮೀಟರ್‌ಗಟ್ಟಲೆ ನೋಡುತ್ತಾರೆ, ಅವರಿಗೆ ಓದಲು ಬೇರೇನೂ ಇರುವುದಿಲ್ಲ. ಆದ್ದರಿಂದ ವಾಕ್ಯ ಬೆನ್ನ ಮೇಲಿರಲಿ, ಭುಜದ ಎಲುಬುಗಳ ನಡುವೆ, ಮೂರು ಸಾಲು, ದಪ್ಪ ಅಕ್ಷರ. ಸೊಂಟದ ಹತ್ತಿರ ಬರೆಸಿದರೆ ಬೆಲ್ಟೋ ಬಾಟಲಿಯೋ ಮುಚ್ಚುತ್ತದೆ. ಮತ್ತೆ, ದೊಡ್ಡ ಪ್ಲಾಸ್ಟಿಕ್ ಥರದ ಪ್ರಿಂಟ್ ಹಾಕಿಸಬೇಡಿ: ಅದು ಬೆವರು ಆರಲು ಬಿಡುವುದಿಲ್ಲ, ಒದ್ದೆಯಾದ ಮೇಲೆ ಭಾರವಾಗಿ ಎಳೆಯುತ್ತದೆ, ಎರಡು ಗಂಟೆ ಕಳೆಯುವಷ್ಟರಲ್ಲಿ ಚರ್ಮ ಉಜ್ಜಿ ರಕ್ತ ಬರಿಸುತ್ತದೆ. ಕಾಟನ್ ಬೇಡವೇ ಬೇಡ. ಆ ಶರ್ಟನ್ನು ಕನಿಷ್ಠ ಎರಡು ಲಾಂಗ್ ರನ್‌ನಲ್ಲಿ ಹಾಕಿಕೊಂಡು ನೋಡಿ. ಅಕ್ಷರ ಸರಿಯಾಗಿದೆಯೇ ಎಂದು ಹಿಂದೆ ಓಡುವ ಗೆಳೆಯರನ್ನು ಹತ್ತು ಹೆಜ್ಜೆ ದೂರದಿಂದ ಓದಲು ಹೇಳಿ.

ವೇಷ ಹಾಕಿಕೊಂಡು ಓಡಲೇ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಲ್ಯುಕೇಮಿಯಾದಿಂದ (ರಕ್ತದ ಕ್ಯಾನ್ಸರ್) ಚೇತರಿಸಿಕೊಂಡಿದ್ದ ಲಾಯ್ಡ್ ಸ್ಕಾಟ್ 2002ರ ಲಂಡನ್ ಮ್ಯಾರಥಾನನ್ನು ಹಳೆಯ ಕಾಲದ ಆಳಸಮುದ್ರ ಡೈವಿಂಗ್ ಸೂಟ್ ತೊಟ್ಟು ಐದು ದಿನಕ್ಕೂ ಹೆಚ್ಚು ತೆಗೆದುಕೊಂಡು ಮುಗಿಸಿದರು. ಆ ಫೋಟೊ ಜಗತ್ತೆಲ್ಲ ಸುತ್ತಿತು. ಅಂಥದಕ್ಕೆ ಇಡೀ ವರ್ಷದ ತಯಾರಿ ಬೇಕು, ಬೇರೆಯೇ ಮನಸ್ಥಿತಿ ಬೇಕು. ಮೊದಲ ಮ್ಯಾರಥಾನ್‌ಗೆ ಟೋಪಿಗಿಂತ ದೊಡ್ಡದೇನೂ ತಲೆಯ ಮೇಲೆ ಬೇಡ.

ಈಗ ದೂರದ ಮಾತು. 10 ಕಿ.ಮೀ. ಆರಾಮಾಗಿ ಓಡುವ, ಗಾಯವಿಲ್ಲದ ವ್ಯಕ್ತಿಗೆ ಏಳು ತಿಂಗಳು ಸಾಕು. ಆದರೂ ನಾನಾದರೆ ಈಗಲೇ ಫುಲ್ ಎಂದು ಘೋಷಿಸುವುದಿಲ್ಲ. ನಾಲ್ಕನೇ ತಿಂಗಳ ಕೊನೆಗೆ ಒಂದು ಹಾಫ್ ಮ್ಯಾರಥಾನ್ ಓಡಿ, ಅದರ ಮಾರನೇ ವಾರ ಕಾಲು ಹೇಗಿದೆ ನೋಡಿ ತೀರ್ಮಾನ ಮಾಡಿ. ಎಷ್ಟು ಕಷ್ಟಪಟ್ಟರೆ ಅಷ್ಟು ಜನ ಸ್ಪಂದಿಸುತ್ತಾರೆ ಎಂಬುದು ಪೂರ್ತಿ ಸುಳ್ಳಲ್ಲ; ಸಂಶೋಧಕರಾದ ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನೋವು, ಶ್ರಮ ಇರುವ ಕೆಲಸದ ಮೂಲಕ ಕೊಡುವಾಗ ಜನ ಹೆಚ್ಚು ಕೊಡಲು ಸಿದ್ಧರಾದದ್ದು ಕಂಡುಬಂದಿತು. ಆದರೆ ಅದು ಕೊಡುವ ಮಾತು. ಮಗುವಿನ ಬಾಯಾರಿಕೆ ಗಮನಿಸಿ ಎಂದು ಹೇಳುವುದಕ್ಕೆ 21 ಕಿ.ಮೀ. ಓಡಿದವರ ಮಾತೂ ಅಷ್ಟೇ ಕೇಳಿಸುತ್ತದೆ. ಓಡದವರ ಪಾಲಿಗೆ ಎರಡೂ ಅಸಾಧ್ಯವಾದ ದೂರವೇ.

ತಯಾರಿ: ವಾರಕ್ಕೆ ಮೂರು ದಿನ ಇದ್ದದ್ದು ನಾಲ್ಕಾಗಲಿ. ಮೂರು ದಿನ ಸಣ್ಣ ಓಟ, ಒಂದು ದಿನ ಲಾಂಗ್ ರನ್. ಲಾಂಗ್ ರನ್ ಈಗಿನ 10ರಿಂದ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಕಿ.ಮೀ. ಏರಲಿ, ಪ್ರತಿ ನಾಲ್ಕನೇ ವಾರ ಬೇಕೆಂದೇ ಇಳಿಸಿ. ರೇಸ್‌ಗೆ ಮೂರು ವಾರ ಇರುವಾಗ ಒಮ್ಮೆ 30 ಅಥವಾ 32 ಮುಟ್ಟಿದರೆ ಸಾಕು, ಅಲ್ಲಿಂದ ಟೇಪರ್, ಅಂದರೆ ದೂರ ಇಳಿಸುತ್ತಾ ದೇಹಕ್ಕೆ ವಿಶ್ರಾಂತಿ. ಲಾಂಗ್ ರನ್ ಪೇಸ್ ಎಷ್ಟಿರಬೇಕು? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನ. ನಿಮ್ಮ ಜಾಗೃತಿ ವಾಕ್ಯವನ್ನೇ ಜೋರಾಗಿ ಹೇಳಿ ನೋಡಿ. ಮಧ್ಯೆ ಉಸಿರಿಗಾಗಿ ನಿಲ್ಲಿಸಬೇಕಾದರೆ ನೀವು ಜೋರಾಗಿ ಓಡುತ್ತಿದ್ದೀರಿ. ವಾರಕ್ಕೆ ಎರಡು ಸಲ ಸ್ಕ್ವಾಟ್, ಲಂಜ್, ಹಿಮ್ಮಡಿ ಎತ್ತಿಳಿಸುವ ವ್ಯಾಯಾಮ ಮಾಡಿ. ಮೊಣಕಾಲು ಕೈಕೊಡುವುದು ಬಹುಪಾಲು ಸೊಂಟ, ತೊಡೆ ಸಾಲದೆ ಹೋದಾಗ.

ಮ್ಯಾರಥಾನ್‌ನಲ್ಲಿ 30 ಕಿ.ಮೀ. ಆಸುಪಾಸು "ಗೋಡೆ" ಬರುತ್ತದೆ, ಅಂದರೆ ಇದ್ದಕ್ಕಿದ್ದಂತೆ ಶಕ್ತಿ ಉಡುಗುತ್ತದೆ ಅನ್ನುತ್ತಾರಲ್ಲ, ಅದರ ಲೆಕ್ಕ ಹೀಗಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಸುಮಾರು 2,000 ಕಿಲೋಕ್ಯಾಲರಿ. ಓಡುವಾಗ ಖರ್ಚಾಗುವುದು ಕಿ.ಮೀ.ಗೆ, ದೇಹದ ತೂಕದ ಪ್ರತಿ ಕಿಲೋಗೆ ಹತ್ತಿರ ಹತ್ತಿರ ಒಂದು ಕಿಲೋಕ್ಯಾಲರಿ. 65 ಕೆ.ಜಿ. ತೂಕದವರಿಗೆ 30 ಕಿ.ಮೀ. ಆಗುವಷ್ಟರಲ್ಲಿ ಕಣಜ ಬರಿದು. ಕೊಬ್ಬಿನಿಂದಲೂ ಒಂದಷ್ಟು ಶಕ್ತಿ ಬರುತ್ತದೆ, ಆದರೆ ನಿಧಾನವಾಗಿ ಬರುತ್ತದೆ. ಅದಕ್ಕೇ ಮೊದಲ ಗಂಟೆಯೊಳಗೇ ಶುರು ಮಾಡಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸುತ್ತಾ ಹೋಗಬೇಕು. ಹಸಿವಾದ ಮೇಲೆ ತಿಂದರೆ ತಡವಾಯಿತು. ಓಟಗಾರರು ಹೀರುವ ಸಕ್ಕರೆಯ ಜೆಲ್ ಆಗಲಿ ಬೇರೆ ಏನೇ ಆಗಲಿ, ಹೊಟ್ಟೆಗೆ ಒಗ್ಗುತ್ತದೆಯೇ ಎಂದು ಲಾಂಗ್ ರನ್‌ನಲ್ಲೇ ನೋಡಿಕೊಳ್ಳಿ.

ನೀರು ಕಡಿಮೆಯಾದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅಪಾಯ ಎಂಬುದು ನಿಧಾನವಾಗಿ ಓಡುವವರು ತಿಳಿದಿರಲೇಬೇಕಾದ ವಿಷಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ರಕ್ತದ ಲವಣಾಂಶವಾದ ಸೋಡಿಯಂ ಇಳಿದಿತ್ತು. ಅದರೊಂದಿಗೆ ಎಲ್ಲಕ್ಕಿಂತ ಹೆಚ್ಚು ತಳಕು ಹಾಕಿಕೊಂಡಿದ್ದದ್ದು ಓಟದಲ್ಲಿ ತೂಕ ಹೆಚ್ಚಾಗಿರುವುದು, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದಿರುವುದು. ನಾಲ್ಕು ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಂಡವರಿಗೆ ಅಪಾಯ ಜಾಸ್ತಿ. ನೀವು ಮೊದಲ ಸಲದವರು, ನಾಲ್ಕು ಗಂಟೆ ದಾಟುವ ಸಾಧ್ಯತೆಯೇ ಹೆಚ್ಚು. ಬಾಯಾರಿದಾಗ ಕುಡಿಯಿರಿ, ಪ್ರತಿ ನೀರಿನ ಟೇಬಲ್ ಹತ್ತಿರವೂ ಕುಡಿಯಲೇಬೇಕೆಂದೇನಿಲ್ಲ. ಓಟದ ನಡುವೆ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಬೇಡಿ. ಬೆವರಿ ಬಳಲಿದ ಹೊತ್ತಿನಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ. ಓಡುವಾಗ ಎದೆನೋವು, ತಲೆ ತಿರುಗಿ ಬೀಳುವುದು ಯಾವಾಗಲಾದರೂ ಆಗಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ, ಟ್ರೈನಿಂಗ್ ಶುರುವಾಗುವ ಮೊದಲೇ ಹೃದಯದ ಡಾಕ್ಟರನ್ನು ನೋಡಿ.

ಉದ್ದೇಶಕ್ಕಾಗಿ ಓಡುವವರಿಗೆ ಮಾತ್ರ ಬರುವ ಒಂದು ಅಪಾಯ ಇದೆ. ಅವರು ನಿಲ್ಲಬೇಕಾದಾಗ ನಿಲ್ಲುವುದಿಲ್ಲ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದೇ ಜಾಗ ಒತ್ತಿದರೆ ಚುಚ್ಚಿದಂತೆ ನೋವು, ಓಡುತ್ತಾ ಹೋದಂತೆ ಜಾಸ್ತಿಯಾಗುತ್ತದೆ. ಇದು ಮೂಳೆಯಲ್ಲಿ ಬಿರುಕು ಬಿಡುತ್ತಿರುವ ಲಕ್ಷಣ ಇರಬಹುದು. ತಮಗಾಗಿ ಓಡುವವರು ಬೇಸರಪಟ್ಟುಕೊಂಡು ಓಟ ಬಿಡುತ್ತಾರೆ. ಮಗುವಿಗಾಗಿ ಓಡುವವರು "ಇಷ್ಟು ಜನಕ್ಕೆ ಮಾತು ಕೊಟ್ಟಿದ್ದೇನೆ" ಎಂದು ಹಲ್ಲು ಕಚ್ಚಿ ಓಡಿ ತಿಂಗಳುಗಟ್ಟಲೆ ಮಲಗುತ್ತಾರೆ. ಇದಕ್ಕೆ ಮದ್ದು ಮಾತು ಕೊಡುವ ರೀತಿಯಲ್ಲೇ ಇದೆ. "42 ಕಿ.ಮೀ. ಮುಗಿಸುತ್ತೇನೆ" ಎಂದು ಎಲ್ಲೂ ಹೇಳಬೇಡಿ. "ಈ ಏಳು ತಿಂಗಳಲ್ಲಿ ಇಷ್ಟು ಶಾಲೆಗೆ ಈ ಮಾತು ತಲುಪಿಸುತ್ತೇನೆ, ಅದರ ಜೊತೆ ಮ್ಯಾರಥಾನ್‌ಗೆ ತಯಾರಾಗುತ್ತಿದ್ದೇನೆ" ಎನ್ನಿ. ಆಗ 34ನೇ ಕಿ.ಮೀ.ನಲ್ಲಿ ಆಂಬುಲೆನ್ಸ್ ಹತ್ತಬೇಕಾಗಿ ಬಂದರೂ ಕೊಟ್ಟ ಮಾತು ಮುರಿಯುವುದಿಲ್ಲ. ಫಾಕ್ಸ್ ಕೂಡ ಪೆಸಿಫಿಕ್ ಸಾಗರ ಮುಟ್ಟಲಿಲ್ಲ.

ಹಣದ ವಿಚಾರ. ಓಟವನ್ನೂ ದೇಣಿಗೆಯನ್ನೂ ಜೋಡಿಸಿದ ಪ್ರಯತ್ನಗಳು ದೊಡ್ಡದಾಗಿ ಬೆಳೆದಿವೆ. ಲ್ಯುಕೇಮಿಯಾ ಆಗಿದ್ದ ಮಗಳಿಗಾಗಿ ಬ್ರೂಸ್ ಕ್ಲೆಲೆಂಡ್ 1988ರಲ್ಲಿ 38 ಮಂದಿಯನ್ನು ಕಟ್ಟಿಕೊಂಡು ನ್ಯೂಯಾರ್ಕ್ ಮ್ಯಾರಥಾನ್ ಓಡಿ 3,22,000 ಡಾಲರ್ ಕೂಡಿಸಿದರು. ಟೀಮ್ ಇನ್ ಟ್ರೈನಿಂಗ್ ಎಂಬ ಕಾರ್ಯಕ್ರಮ ಹುಟ್ಟಿದ್ದು ಹಾಗೆ. ನಿಮಗೆ ನನ್ನ ಸಲಹೆ ಮಾತ್ರ ಬೇರೆ. ನಿಮ್ಮ ಸಂದೇಶದ ಬೇಡಿಕೆ "ಪರೀಕ್ಷೆ ಮಾಡಿಸಿ" ಎಂಬುದು. ಅದರ ಪಕ್ಕದಲ್ಲೇ "ಹಣ ಕೊಡಿ" ಎಂಬ ಎರಡನೇ ಬೇಡಿಕೆ ಬಂದರೆ ಜನ ಒಂದು ಮೊತ್ತ ಹಾಕಿ ನಮ್ಮ ಕರ್ತವ್ಯ ಮುಗಿಯಿತು ಎಂದು ಮುಂದೆ ಹೋಗುತ್ತಾರೆ, ಲಕ್ಷಣ ಯಾವುದೆಂದು ನೆನಪಿರುವುದಿಲ್ಲ. ಪೋಸ್ಟರ್ ಖರ್ಚಿಗೆ ಮನೆಮಂದಿ, ಗೆಳೆಯರು ಸೇರಿದರೆ ಸಾಕು. ಆದರೂ ಹಣ ಎತ್ತಲೇಬೇಕು ಅನ್ನಿಸಿದರೆ, ಅದು ನಿಮ್ಮ ಖಾತೆಗೆ ಬರಬಾರದು. ಟೈಪ್ 1 ಮಕ್ಕಳಿಗೆ ಇನ್ಸುಲಿನ್, ಸಕ್ಕರೆ ಪರೀಕ್ಷಿಸುವ ಸ್ಟ್ರಿಪ್ ಒದಗಿಸುವ ನೋಂದಾಯಿತ ಸಂಸ್ಥೆಗೆ ನೇರ ಹೋಗಲಿ. ರೇಸ್ ಫೀ, ಶೂ, ಪ್ರಯಾಣ ನಿಮ್ಮ ಜೇಬಿನಿಂದಲೇ. ಇದನ್ನು ಮೊದಲ ದಿನವೇ ಎಲ್ಲರಿಗೂ ಬರೆದು ತಿಳಿಸಿ. ಯಾವುದಾದರೂ ಕಂಪನಿ ತನ್ನ ಹೆಸರು ಹಾಕಿ ಶರ್ಟ್ ಕೊಡುತ್ತೇನೆ ಎಂದರೆ ಬೆನ್ನಿನ ಜಾಗ ಬಿಟ್ಟುಕೊಡಬೇಡಿ.

ರೇಸ್ ಆಯೋಜಕರ ನಿಯಮ ಮೊದಲೇ ಓದಿ. ಕೆಲವೆಡೆ ಬ್ಯಾನರ್ ಹಿಡಿಯುವಂತಿಲ್ಲ, ಮಾರ್ಗದಲ್ಲಿ ಕರಪತ್ರ ಹಂಚುವಂತಿಲ್ಲ. ಬಿಬ್ ಇನ್ನೊಬ್ಬರಿಗೆ ಕೊಡುವುದು ಎಲ್ಲೆಡೆಯೂ ಸಾಮಾನ್ಯವಾಗಿ ನಿಷಿದ್ಧ. ಕಟ್‌ಆಫ್ ಸಮಯ, ಅಂದರೆ ಓಟ ಮುಗಿಸಲು ಕೊಡುವ ಗಡುವು, ಎಷ್ಟೆಂದು ನೋಡಿಕೊಳ್ಳಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಿಮ್ಮ ಅಕ್ಕನ ಮಗನ ವಿಷಯ. ಅವನ ಫೋಟೊ, ಹೆಸರು, ಐಸಿಯು ಕಥೆ ಹಾಕಿದರೆ ನೋಡುವವರು ಹೆಚ್ಚುತ್ತಾರೆ, ನಿಜ. ಸಾವಿರ ಮಕ್ಕಳ ಅಂಕಿಗಿಂತ ಒಂದು ಮಗುವಿನ ಮುಖಕ್ಕೆ ಜನ ಬೇಗ ಕರಗುತ್ತಾರೆ. ಆದರೆ ಅವನಿಗೆ ಈಗ ಎಂಟು ವರ್ಷ. ಹದಿನೈದು ಆದಾಗಲೂ ಆ ಫೋಟೊ ಅಲ್ಲೇ ಇರುತ್ತದೆ, ಕ್ಲಾಸಿನ ಹುಡುಗರು ಹುಡುಕಿ ತೆಗೆಯುತ್ತಾರೆ. ಅಕ್ಕ, ಭಾವ ಒಪ್ಪಿದರೆ ಸಾಲದು, ಅವನನ್ನೇ ಕೂರಿಸಿಕೊಂಡು ಕೇಳಿ. "ಬೇಡ" ಅಂದರೆ ಅಲ್ಲಿಗೆ ಮುಗಿಯಿತು, ಮುನಿಸಿಕೊಳ್ಳಬೇಡಿ, ಪುಸಲಾಯಿಸಬೇಡಿ. "ನನ್ನ ಮನೆಯ ಒಂದು ಮಗುವಿಗೆ ಹೀಗಾಯಿತು" ಎಂದರೆ ನಿಮ್ಮ ಕೆಲಸ ಸಾಗುತ್ತದೆ. ಒಪ್ಪಿದರೂ ಹಾಸಿಗೆಯ ಮೇಲೆ ಮಲಗಿದ ಫೋಟೊ ಬೇಡ. ಪೋಸ್ಟರಿಗೆ ಬಣ್ಣ ಯಾವುದು ಎಂದು ಅವನೇ ಆರಿಸಲಿ, ಶರ್ಟಿನ ಹಿಂಬದಿ ಅವನ ಕೈಬರಹ ಇರಲಿ. ಅವನೂ ನಿಮ್ಮ ಜೊತೆ ಸ್ವಲ್ಪ ದೂರ ಓಡುತ್ತೇನೆ ಎಂದರೆ ಖಂಡಿತ ಓಡಬಹುದು, ಆದರೆ ಅವನ ಡಾಕ್ಟರ್ ಹತ್ತಿರ ಮೊದಲು ಕೇಳಿ. ವ್ಯಾಯಾಮದ ಹೊತ್ತಿನಲ್ಲೂ, ಅದಾಗಿ ಎಷ್ಟೋ ಗಂಟೆಯ ಮೇಲೆ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಕುಸಿಯಬಹುದು. ಓಡುವ ಮುಂಚೆ, ಆಮೇಲೆ, ಮಲಗುವ ಮೊದಲು ಪರೀಕ್ಷೆ, ಜೇಬಿನಲ್ಲಿ ಗ್ಲುಕೋಸ್.

ಕೆಲಸ ಆಯಿತೇ ಇಲ್ಲವೇ ಎಂದು ತಿಳಿಯಲು ಲೈಕ್‌ಗಳನ್ನು ಎಣಿಸಬೇಡಿ. ಶುರು ಮಾಡುವ ಮುಂಚೆ ಪರಿಚಯದ ಇಪ್ಪತ್ತು ತಂದೆತಾಯಿಗಳನ್ನು ಕೇಳಿ ಬರೆದಿಟ್ಟುಕೊಳ್ಳಿ: ಮಕ್ಕಳಿಗೆ ಡಯಾಬಿಟಿಸ್ ಬರಬಹುದೇ, ಬಂದರೆ ಹೇಗೆ ಗೊತ್ತಾಗುತ್ತದೆ? ಏಳು ತಿಂಗಳ ಮೇಲೆ ನೀವು ಹೋದ ಶಾಲೆಗಳ ಬೇರೆ ಇಪ್ಪತ್ತು ತಂದೆತಾಯಿಗಳನ್ನು ಅದನ್ನೇ ಕೇಳಿ. ಪೋಸ್ಟರ್ ಹಾಕಿದ ಶಾಲೆಗಳಿಗೆ ಎರಡು ತಿಂಗಳ ನಂತರ ಹೋಗಿ ಎಷ್ಟು ಇನ್ನೂ ಗೋಡೆಯ ಮೇಲಿವೆ ನೋಡಿ. ಹರಿದುಹೋದ ಕಡೆ ಇನ್ನೊಂದು ಅಂಟಿಸಿ. ನವೆಂಬರ್ 14 ವಿಶ್ವ ಮಧುಮೇಹ ದಿನ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಆ ವಾರ ಶಾಲೆಗಳು ಇಂಥ ಮಾತಿಗೆ ಸಮಯ ಕೊಡುತ್ತವೆ, ನಿಮ್ಮ ಓಟ ಅದಕ್ಕೆ ಹಿಂದೆಮುಂದೆ ಬರುವಂತಿದ್ದರೆ ಒಳ್ಳೆಯದು. ರೇಸ್ ಆದ ಮೇಲೆ ಎರಡು ಮೂರು ವಾರ ಓಟಕ್ಕೆ ರಜೆ ಕೊಡಿ, ಶಾಲೆಗಳಿಗೆ ಧನ್ಯವಾದ ಹೇಳಿ ಬರುವ ಕೆಲಸಕ್ಕೆ ಆ ಸಮಯ ಸರಿಹೋಗುತ್ತದೆ.

ಮೊದಲ ವಾರದ ಕೆಲಸ ಇಷ್ಟು: ಪೋಸ್ಟರಿನ ಪಠ್ಯ ಬರೆದು, ಅಕ್ಕನ ಮಗನಿಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ತೋರಿಸಿ, ಒಂದೊಂದು ಪದವನ್ನೂ ಅವರಿಂದ ತಿದ್ದಿಸಿಕೊಳ್ಳಿ. ಓಡುವಾಗ ಯಾರಾದರೂ "ನಮ್ಮ ಮಗುವಿಗೂ ಹೀಗೇ ಇದೆ" ಎಂದು ಬಂದರೆ ನೀವು ರೋಗ ನಿರ್ಣಯ ಮಾಡಲು ಹೋಗಬೇಡಿ, ಪರವಾಗಿಲ್ಲ ಎಂದು ಸಮಾಧಾನವನ್ನೂ ಹೇಳಬೇಡಿ. ಹತ್ತಿರದ ಕ್ಲಿನಿಕ್ ಯಾವುದು ಎಂದು ಕೇಳಿ, ಈಗಲೇ ಅಲ್ಲಿಗೆ ಕಳಿಸಿ.